ಕೈಯಲ್ಲಿ ದುಡ್ಡು ಕಮ್ಮಿ, ಮೊದಲ ಗೇಮಿಂಗ್ ಪಿಸಿ: ಯಾವ ಪಾರ್ಟ್‌ಗೆ ಎಷ್ಟು ಹಾಕಬೇಕು, ಎಲ್ಲಿ ಕೈ ಬಿಗಿ ಹಿಡಿಯಬೇಕು

ನನ್ನ ಮೊದಲ ಗೇಮಿಂಗ್ ಪಿಸಿಯಲ್ಲಿ ಬಣ್ಣ ಬಣ್ಣದ ಲೈಟು ಹಾಕಿಕೊಂಡ ಕ್ಯಾಬಿನೆಟ್ ಇತ್ತು, ಐ7 ಅಂತ ಸ್ಟಿಕ್ಕರ್ ಅಂಟಿಸಿದ ಪ್ರೊಸೆಸರ್ ಇತ್ತು, ಹೆಸರಿಗೊಂದು ಗ್ರಾಫಿಕ್ಸ್ ಕಾರ್ಡ್ ಕೂಡ ಇತ್ತು. ಗೇಮ್ ಮಾತ್ರ ಓಡಲಿಲ್ಲ. ಪೂರ್ತಿ ನಿಂತೇ ಹೋಗಿತ್ತು ಅಂತಲ್ಲ, ಒಂದೊಂದೇ ಫೋಟೋ ತಿರುವಿ ಹಾಕಿದ ಹಾಗೆ ಓಡುತ್ತಿತ್ತು. ದುಡ್ಡೇನೂ ಕಮ್ಮಿ ಖರ್ಚಾಗಿರಲಿಲ್ಲ, ತಪ್ಪು ಜಾಗಕ್ಕೆ ಹೋಗಿತ್ತು.

ಆಮೇಲೆ ನನಗೂ ಸ್ನೇಹಿತರಿಗೂ ಸೇರಿ ಐದಾರು ಪಿಸಿ ಜೋಡಿಸಿದ್ದೇನೆ. ಈಗ ಪ್ರತಿ ಪಾರ್ಟ್ ನೋಡುವಾಗಲೂ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದನ್ನು ಈಗ ಸಣ್ಣದು ತಗೊಂಡರೆ, ಮುಂದೆ ದುಡ್ಡು ಬಂದಾಗ ಪಕ್ಕಕ್ಕೆ ಇನ್ನೊಂದು ಸೇರಿಸಬಹುದಾ, ಇಲ್ಲಾ ಇದನ್ನು ಕಿತ್ತು ಬಿಸಾಡಿ ಹೊಸದು ತರಬೇಕಾ? ಎಸ್‌ಎಸ್‌ಡಿ (ಗೇಮ್, ಫೈಲ್ ಇಡುವ ಡ್ರೈವ್) ಸೇರಿಸಬಹುದು. ಫ್ಯಾನ್ ಸೇರಿಸಬಹುದು. ಸ್ಲಾಟ್ ಖಾಲಿ ಇದ್ದರೆ ರ‍್ಯಾಮ್ ಸೇರಿಸಬಹುದು. ಎಲ್ಲ ಪಾರ್ಟ್ ಕೂರುವ ಮದರ್‌ಬೋರ್ಡ್ ಬದಲಿಸಬೇಕೆಂದರೆ ಇಡೀ ಪಿಸಿ ಬಿಚ್ಚಬೇಕು, ಪವರ್ ಸಪ್ಲೈ ಕೆಟ್ಟದಾದರೆ ಅದು ಒಂಟಿಯಾಗಿ ಹೋಗುವುದಿಲ್ಲ, ಜೊತೆಗೆ ಇನ್ನೊಬ್ಬರನ್ನೂ ಕರೆದುಕೊಂಡು ಹೋಗಬಹುದು. ಸೇರಿಸಬಹುದಾದದ್ದರಲ್ಲಿ ಜಿಪುಣತನ ಮಾಡಿ, ಬಿಸಾಡಬೇಕಾಗುವುದರಲ್ಲಿ ಬೇಡ. ಕೆಳಗೆ ಹೇಳಿದ್ದೆಲ್ಲ ಇದೇ ಲೆಕ್ಕದಲ್ಲಿದೆ.

ಹಂತ 1: ಪಾರ್ಟ್ ನೋಡುವ ಮೊದಲು ಗೇಮ್ ಮತ್ತು ಸ್ಕ್ರೀನ್ ನೋಡಿ

ಒಂದು ಹಾಳೆ ತಗೊಂಡು ನೀವು ನಿಜವಾಗಿ ಆಡುವ ಮೂರು ಗೇಮ್ ಬರೆಯಿರಿ. ಮುಂದೆ ಎಂದೋ ಆಡಬಹುದಾದದ್ದು ಬೇಡ, ಈಗ ಆಡುವುದು. ವಾಲರಂಟ್, ಕೌಂಟರ್-ಸ್ಟ್ರೈಕ್ 2 ತರದ ಸ್ಪರ್ಧೆಯ ಗೇಮ್‌ಗಳು ಗ್ರಾಫಿಕ್ಸ್ ಕಾರ್ಡ್‌ಗಿಂತ ಪ್ರೊಸೆಸರ್ ಮೇಲೆ ಜಾಸ್ತಿ ಭಾರ ಹಾಕುತ್ತವೆ, ಅಲ್ಲಿ ಬೇಕಾಗಿರುವುದು ಸೆಕೆಂಡಿಗೆ ನೂರಕ್ಕಿಂತ ಹೆಚ್ಚು ಫ್ರೇಮ್, ಅಂದರೆ ಸ್ಕ್ರೀನ್ ಮೇಲೆ ಬರುವ ಚಿತ್ರ. ಸೈಬರ್‌ಪಂಕ್ 2077 ತರದ ದೊಡ್ಡ ಕಥೆಯ ಗೇಮ್‌ಗಳಲ್ಲಿ ಲೆಕ್ಕ ಉಲ್ಟಾ, ಕಾರ್ಡೇ ಹೆಚ್ಚು ದುಡಿಯುತ್ತದೆ, ಫ್ರೇಮ್ 60 ಬಂದರೆ ಸಾಕು. ಗೇಮ್ ಮಾಡಿದವರು ಕೊಡುವ ಪಟ್ಟಿಯಲ್ಲಿ ಮಿನಿಮಮ್ ಸಾಲು ಬಿಟ್ಟು ರೆಕಮೆಂಡೆಡ್ ಸಾಲು ನೋಡಿ. ಮಿನಿಮಮ್ ಅಂದರೆ ಗೇಮ್ ಹೇಗೋ ಓಡುತ್ತದೆ ಅಂತ ಅಷ್ಟೇ.

ಸ್ಕ್ರೀನ್ ವಿಷಯ ಸುಲಭ. ಬಜೆಟ್ ಬಿಗಿ ಇದ್ದರೆ 1080ಪಿ (1920x1080 ಪಿಕ್ಸೆಲ್), ಮುಗೀತು. 1440ಪಿ ಸ್ಕ್ರೀನಿನಲ್ಲಿ ಪಿಕ್ಸೆಲ್ ಸಂಖ್ಯೆ ಅದರ ಸುಮಾರು 1.8 ಪಟ್ಟು, 4ಕೆಯಲ್ಲಿ 4 ಪಟ್ಟು, ಅಷ್ಟನ್ನೂ ಪ್ರತಿ ಫ್ರೇಮ್‌ಗೆ ಬಿಡಿಸಬೇಕಾದ್ದು ನಿಮ್ಮ ಬಡಪಾಯಿ ಕಾರ್ಡ್. ಮಾನಿಟರ್ ಹೊಸದು ತಗೋಬೇಕಿದ್ದರೆ ಅದರ ದುಡ್ಡನ್ನು ಮೊದಲೇ ಪಕ್ಕಕ್ಕಿಡಿ. ಕೀಬೋರ್ಡ್, ಮೌಸ್, ವಿಂಡೋಸ್ ಲೈಸೆನ್ಸ್ ಕೂಡ ಈ ಲೆಕ್ಕದಲ್ಲೇ ಬರುತ್ತವೆ, ತುಂಬ ಜನ ಮರೆಯುವುದು ಇಲ್ಲೇ. ಮನೆಯಲ್ಲಿ ಟಿವಿ ಇದ್ದರೆ ಮೊದಲ ಕೆಲವು ತಿಂಗಳು ಅದಕ್ಕೇ ಹಾಕಿ ಆಡಿ.

ಹಂತ 2: ದುಡ್ಡು ಹಂಚಿ

ಮಾನಿಟರ್ ಬಿಟ್ಟು ಉಳಿದ ದುಡ್ಡನ್ನು 100 ಭಾಗ ಅಂದುಕೊಳ್ಳಿ. ಅದರಲ್ಲಿ 35ರಿಂದ 40 ಭಾಗ ಗ್ರಾಫಿಕ್ಸ್ ಕಾರ್ಡ್‌ಗೆ, 15ರಿಂದ 20 ಪ್ರೊಸೆಸರ್‌ಗೆ, ಮದರ್‌ಬೋರ್ಡ್‌ಗೆ ಹತ್ತರ ಆಸುಪಾಸು, ರ‍್ಯಾಮ್, ಎಸ್‌ಎಸ್‌ಡಿ, ಪವರ್ ಸಪ್ಲೈ ಒಂದೊಂದಕ್ಕೂ ಹತ್ತಿರ ಹತ್ತಿರ ಹತ್ತು, ಮಿಕ್ಕ ಚಿಲ್ಲರೆ ಕ್ಯಾಬಿನೆಟ್‌ಗೆ. ಇದು ಕಲ್ಲಲ್ಲಿ ಕೆತ್ತಿದ್ದಲ್ಲ. 2025ರ ಕೊನೆಯ ತಿಂಗಳುಗಳಲ್ಲಿ ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನೆಲ್ಲ ಹೀರಿಕೊಂಡು ರ‍್ಯಾಮ್ ಬೆಲೆ ವಿಪರೀತ ಏರಿತು, ಹಾಗಾದಾಗ ರ‍್ಯಾಮ್ ಪಾಲು ದೊಡ್ಡದಾಗಿ ಬೇರೆ ಕಡೆ ಕತ್ತರಿ ಬೀಳುತ್ತದೆ. ಆದರೆ ಪ್ರೊಸೆಸರ್ ಪಾಲು ಕಾರ್ಡ್ ಪಾಲಿಗಿಂತ ದೊಡ್ಡದಾಗಿದೆ ಅಂದರೆ ಎಲ್ಲೋ ಎಡವಿದ್ದೀರಿ ಅಂತ ಅರ್ಥ.

ಕಾರ್ಡ್‌ಗೆ ಅಂತ ಇಟ್ಟ ಪಾಲಿಗೆ ಒಳ್ಳೆ ಕಾರ್ಡ್ ಬರುವುದೇ ಇಲ್ಲವಾ? ಆಗ ಕೆಟ್ಟ ಕಾರ್ಡ್ ತಗೋಬೇಡಿ, ಕಾರ್ಡನ್ನೇ ತಗೋಬೇಡಿ. ಎಎಂಡಿ ಕಂಪನಿಯ ರೈಜನ್ 5 5600ಜಿ ಅಥವಾ ಅದಕ್ಕಿಂತ ಹೊಸದಾದ ರೈಜನ್ 5 8600ಜಿ ತರದ, ಒಳಗೇ ಗ್ರಾಫಿಕ್ಸ್ ಇರುವ ಪ್ರೊಸೆಸರ್ ಹಾಕಿ ಶುರು ಮಾಡಿ. ವಾಲರಂಟ್, ಮೈನ್‌ಕ್ರಾಫ್ಟ್, ಜಿಟಿಎ 5 ಇವೆಲ್ಲ ಸೆಟ್ಟಿಂಗ್ ಇಳಿಸಿದರೆ ಆಡುವ ಹಾಗೆ ಓಡುತ್ತವೆ. ಆರು ತಿಂಗಳು ಕಳೆದು ದುಡ್ಡು ಕೂಡಿದ ಮೇಲೆ ಅದೇ ಪಿಸಿಗೆ ಕಾರ್ಡ್ ಸೇರಿಸಿ. ಈ ದಾರಿ ಹಿಡಿದರೆ ರ‍್ಯಾಮ್ ಎರಡು ಕಡ್ಡಿ ಹಾಕುವುದು ಕಡ್ಡಾಯ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಹಂತ 3: ಗ್ರಾಫಿಕ್ಸ್ ಕಾರ್ಡ್

ನಿಮ್ಮ ಒಟ್ಟು ಸಮಯದ ಅರ್ಧ ಇಲ್ಲೇ ಹಾಕಿ. ಮೊದಲು ಕಾರ್ಡ್ ಮೇಲಿನ ಮೆಮೊರಿ, ಅಂದರೆ ವಿ-ರ‍್ಯಾಮ್. ಇವತ್ತು 1080ಪಿಗೆ 8 ಜಿಬಿ ಇಟ್ಟುಕೊಳ್ಳಿ. 4 ಜಿಬಿ ಕಾರ್ಡ್‌ನಲ್ಲಿ ಹೊಸ ಗೇಮ್ ಹಾಕಿದರೆ ಸರಾಸರಿ ಫ್ರೇಮ್ ಪರವಾಗಿಲ್ಲ ಅನ್ನಿಸಬಹುದು, ಆದರೆ ತಿರುಗಿದಾಗಲೆಲ್ಲ ಜರ್ಕ್ ಹೊಡೆಯುತ್ತದೆ, ಗೋಡೆಯ ಚಿತ್ರ ಮಸುಕಾಗಿ ಬರುತ್ತದೆ. ಕಾರ್ಡ್‌ನ ಮೆಮೊರಿ ಆಮೇಲೆ ಸೇರಿಸಲು ಬರುವುದಿಲ್ಲ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿರುವುದು.

ಕಡಿಮೆ ಬಜೆಟ್‌ನಲ್ಲಿ ಮತ್ತೆ ಮತ್ತೆ ಎದುರಾಗುವ ಒಳ್ಳೆ ಹೆಸರುಗಳು ಕೆಲವೇ: ಆರ್‌ಎಕ್ಸ್ 6600, ಆರ್‌ಎಕ್ಸ್ 7600, ಆರ್‌ಟಿಎಕ್ಸ್ 4060, ಸೆಕೆಂಡ್ ಹ್ಯಾಂಡ್ ಸಿಕ್ಕರೆ ಆರ್‌ಟಿಎಕ್ಸ್ 3060ರ 12 ಜಿಬಿ, ಮತ್ತೆ ಇಂಟೆಲ್‌ನ ಆರ್ಕ್ ಬಿ580. ಆರ್‌ಎಕ್ಸ್ ಎಎಂಡಿಯವು, ಆರ್‌ಟಿಎಕ್ಸ್ ಎನ್‌ವಿಡಿಯಾದವು. ಇದರಲ್ಲಿ 2021ರ ಆರ್‌ಎಕ್ಸ್ 6600 ನನ್ನ ಅಚ್ಚುಮೆಚ್ಚು. 8 ಜಿಬಿ ಮೆಮೊರಿ, 132 ವ್ಯಾಟ್ ಕರೆಂಟು, ಸಾಧಾರಣ ಪವರ್ ಸಪ್ಲೈ ಸಾಕು, ತಣ್ಣಗಿರುತ್ತದೆ. ಆರ್ಕ್ ಬಿ580ರಲ್ಲಿ 12 ಜಿಬಿ ಇದೆ, ದುಡ್ಡಿಗೆ ಒಳ್ಳೆ ಕಾರ್ಡ್, ಆದರೆ ಅದಕ್ಕೆ ಮದರ್‌ಬೋರ್ಡ್‌ನಲ್ಲಿ ರೀಸೈಜಬಲ್ ಬಾರ್ (ಕಾರ್ಡ್‌ನ ಪೂರ್ತಿ ಮೆಮೊರಿಯನ್ನು ಪ್ರೊಸೆಸರ್ ಒಟ್ಟಿಗೆ ಮುಟ್ಟಲು ಬಿಡುವ ಸೆಟ್ಟಿಂಗ್) ಆನ್ ಆಗಿರಲೇಬೇಕು. ಹಳೆಯ, ನಿಧಾನದ ಪ್ರೊಸೆಸರ್ ಜೊತೆ ಹಾಕಿದರೆ ಕೆಲವು ಗೇಮ್‌ಗಳಲ್ಲಿ ಮುಗ್ಗರಿಸುತ್ತದೆ. ಇನ್ನೊಂದು ವ್ಯತ್ಯಾಸ ನೆನಪಿರಲಿ. ಸಣ್ಣ ಚಿತ್ರವನ್ನು ದೊಡ್ಡದು ಮಾಡಿ ಫ್ರೇಮ್ ಹೆಚ್ಚಿಸುವ ಡಿಎಲ್‌ಎಸ್‌ಎಸ್ ಆರ್‌ಟಿಎಕ್ಸ್ ಕಾರ್ಡ್‌ಗಳಲ್ಲಿ ಮಾತ್ರ ಸಿಗುತ್ತದೆ. ಎಎಂಡಿಯ ಎಫ್‌ಎಸ್‌ಆರ್ 2 ಮತ್ತು 3 ಯಾರ ಕಾರ್ಡ್ ಆದರೂ ನಡೆಯುತ್ತದೆ, ಚಿತ್ರ ಮಾತ್ರ ಡಿಎಲ್‌ಎಸ್‌ಎಸ್‌ನಷ್ಟು ಚೊಕ್ಕವಾಗಿರುವುದಿಲ್ಲ.

ಈಗ ಹೆಸರಿನ ಬಲೆಗಳು. ಆರ್‌ಟಿಎಕ್ಸ್ 3060ರಲ್ಲಿ 30 ಅಂದರೆ ತಲೆಮಾರು, 60 ಅಂದರೆ ದರ್ಜೆ. ಸಂಖ್ಯೆ ದೊಡ್ಡದಿದ್ದ ಮಾತ್ರಕ್ಕೆ ಕಾರ್ಡ್ ದೊಡ್ಡದಲ್ಲ. ಒಂದೇ ಹೆಸರಲ್ಲಿ ಎರಡು ಕಾರ್ಡ್ ಇರುವುದು ಇನ್ನೂ ಮೋಸ: ಆರ್‌ಟಿಎಕ್ಸ್ 3050ರ 6 ಜಿಬಿ ಕಾರ್ಡ್ ಅಂದರೆ 8 ಜಿಬಿಯದ್ದರಲ್ಲಿ ಬರೀ 2 ಜಿಬಿ ಕಳೆದದ್ದಲ್ಲ, ಲೆಕ್ಕ ಮಾಡುವ ಕೋರ್‌ಗಳೂ ಕಮ್ಮಿ, ಮೆಮೊರಿಯ ದಾರಿಯೂ ಕಿರಿದು. ಜಿಟಿ 1030ರ ಡಿಡಿಆರ್4 ಕಾರ್ಡ್‌ನ ಮೆಮೊರಿ ವೇಗ ಅದೇ ಹೆಸರಿನ ಜಿಡಿಡಿಆರ್5 ಕಾರ್ಡ್‌ನ ಸುಮಾರು ಮೂರನೇ ಒಂದು ಭಾಗ. ಆರ್‌ಎಕ್ಸ್ 6500 ಎಕ್ಸ್‌ಟಿಗೆ ಮದರ್‌ಬೋರ್ಡ್ ಜೊತೆ ಮಾತಾಡಲು ನಾಲ್ಕೇ ಲೇನ್ (ಡೇಟಾ ದಾರಿ), ಪಿಸಿಐಇ 3.0 (ಆ ಸಂಪರ್ಕದ ಹಳೇ ತಲೆಮಾರು) ಬೋರ್ಡ್‌ಗೆ ಹಾಕಿದರೆ ಅದು ಇನ್ನೂ ಏದುಸಿರು ಬಿಡುತ್ತದೆ, ಜೊತೆಗೆ ವೀಡಿಯೋ ರೆಕಾರ್ಡ್ ಮಾಡುವ ಎನ್‌ಕೋಡರ್ ಕೂಡ ಅದರಲ್ಲಿಲ್ಲ. ಜಿಟಿ 710 ತರದವು ಗೇಮ್ ಆಡುವ ಕಾರ್ಡ್‌ಗಳೇ ಅಲ್ಲ, ಸ್ಕ್ರೀನ್ ಹೊತ್ತಿಸಲು ಇರುವಂಥವು.

ಸೆಕೆಂಡ್ ಹ್ಯಾಂಡ್ ತಗೋಬಹುದಾ? ಖಂಡಿತ, ಬಜೆಟ್ ಬಿಗಿ ಇರುವವರಿಗೆ ಅಲ್ಲೇ ಲಾಭ ಜಾಸ್ತಿ. ಆದರೆ ಓಡುವ ಪಿಸಿಯಲ್ಲಿ ಕಾರ್ಡ್ ನೋಡದೆ ದುಡ್ಡು ಕೊಡಬೇಡಿ. ಕಾರ್ಡ್‌ನ ವಿವರ ತೋರಿಸುವ ಜಿಪಿಯು-ಝಡ್ ಸಾಫ್ಟ್‌ವೇರ್ ತೆರೆದು ಹೆಸರು, ಮೆಮೊರಿ ಸರಿ ಇದೆಯಾ ನೋಡಿ, ಹಳೇ ಕಾರ್ಡ್‌ಗೆ ಬೇರೆ ಬಯಾಸ್ (ಪಾರ್ಟ್ ಒಳಗೇ ಇರುವ ಮೂಲ ಸಾಫ್ಟ್‌ವೇರ್) ತುಂಬಿ ಜಿಟಿಎಕ್ಸ್ 1050 ಟಿಐ ಅಂತ ಮಾರುವ ನಕಲಿಗಳು ಬಹಳ ಹಿಂದಿನಿಂದ ಓಡಾಡುತ್ತಿವೆ. ಕಾರ್ಡ್‌ಗೆ ಪೂರ್ತಿ ಭಾರ ಹಾಕಿ ಪರೀಕ್ಷಿಸುವ ಫರ್‌ಮಾರ್ಕ್ 15 ನಿಮಿಷ ಓಡಿಸಿ. ಸ್ಕ್ರೀನ್ ಮೇಲೆ ಚುಕ್ಕೆ, ಗೆರೆ, ವಿಚಿತ್ರ ಬಣ್ಣ ಬಂದರೆ ಎದ್ದು ಬನ್ನಿ. ಫ್ಯಾನ್ ಕಟಕಟ ಅಂದರೆ ಚೌಕಾಸಿ ಮಾಡಿ, ಫ್ಯಾನ್ ಬದಲಿಸಬಹುದು. ಕ್ರಿಪ್ಟೋ ಮೈನಿಂಗ್‌ನಲ್ಲಿ ದುಡಿದ ಕಾರ್ಡ್ ಅಂತ ಕೇಳಿದ ತಕ್ಷಣ ಹೆದರಿ ಓಡಬೇಕಿಲ್ಲ, ಬಿಸಿ ಹಿಡಿತದಲ್ಲಿದ್ದು ಪರೀಕ್ಷೆ ಪಾಸಾದರೆ ಬೆಲೆ ಇಳಿಸಲು ಅದೇ ಒಳ್ಳೆ ಕಾರಣ!

ಹಂತ 4: ಪ್ರೊಸೆಸರ್

ಇಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಆರು ಕೋರ್, ಹನ್ನೆರಡು ಥ್ರೆಡ್ (ಒಟ್ಟಿಗೆ ಹಿಡಿಯಬಲ್ಲ ಕೆಲಸ) ಇರುವ ರೈಜನ್ 5 5600 ಅಥವಾ ಕೋರ್ ಐ5-12400ಎಫ್, ಎರಡರಲ್ಲಿ ಬೋರ್ಡ್ ಸಮೇತ ಯಾವುದು ಕಡಿಮೆಗೆ ಸಿಗುತ್ತದೋ ಅದು. ಇನ್ನೂ ಕೈ ಕಚ್ಚುತ್ತಿದ್ದರೆ ನಾಲ್ಕು ಕೋರ್‌ನ ಐ3-12100ಎಫ್. ಐ3 ಅಂತ ಮೂಗು ಮುರಿಯಬೇಡಿ, 2013ರ ಐ7-4770ನ್ನು ಅದು ಸುಲಭವಾಗಿ ಹಿಂದೆ ಹಾಕುತ್ತದೆ. ನನ್ನ ಸ್ಟಿಕ್ಕರ್ ಕಥೆ ನೆನಪಿದೆಯಲ್ಲ? ಐ7 ಅಂದರೆ ದರ್ಜೆ ಮಾತ್ರ, ಅದರ ಮುಂದಿನ ಸಂಖ್ಯೆ ಅದರ ವಯಸ್ಸು ಹೇಳುತ್ತದೆ, ನಾನು ಅದನ್ನು ನೋಡಿರಲಿಲ್ಲ. ಇಂಟೆಲ್‌ನ 8ನೇ ತಲೆಮಾರಿಗಿಂತ ಹಳೆಯದಕ್ಕೆ ವಿಂಡೋಸ್ 11ರ ಅಧಿಕೃತ ಬೆಂಬಲ ಹೆಚ್ಚುಕಮ್ಮಿ ಇಲ್ಲ, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿದೆ. ವಿಂಡೋಸ್ 11ರಲ್ಲಿ ವಾಲರಂಟ್ ಓಡಬೇಕಾದರೆ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಸುರಕ್ಷತೆಯ ಸೌಲಭ್ಯಗಳು ಬೇಕು. ಲಿನಕ್ಸ್ ಹಾಕಿ ಲೈಸೆನ್ಸ್ ದುಡ್ಡು ಉಳಿಸೋಣ ಅಂದರೆ ಬಹಳ ಗೇಮ್ ಓಡುತ್ತವೆ, ವಾಲರಂಟ್ ಮಾತ್ರ ಓಡುವುದಿಲ್ಲ.

ಇಂಟೆಲ್ ಹೆಸರಿನ ಕೊನೆಗೆ ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಇಲ್ಲದೆ ಸ್ಕ್ರೀನ್ ಬರುವುದಿಲ್ಲ. ಟ್ರೇ ಅಂತ ಬಿಡಿಯಾಗಿ ಮಾರುವ ಪ್ರೊಸೆಸರ್‌ಗೆ ಕೂಲರ್ ಬರುವುದಿಲ್ಲ, ಬಾಕ್ಸ್‌ನಲ್ಲಿ ಬರುವ 5600, 12400ಎಫ್‌ಗೆ ಬರುತ್ತದೆ, ಆ ಕೂಲರ್ ಸಾಕು ಕೂಡ. ಇನ್ನು ಬಾಟಲ್‌ನೆಕ್ (ಒಂದು ನಿಧಾನದ ಪಾರ್ಟ್ ಇನ್ನೊಂದನ್ನು ತಡೆಹಿಡಿಯುವುದು) ಎಷ್ಟು ಪರ್ಸೆಂಟ್ ಅಂತ ಹೇಳುವ ಕ್ಯಾಲ್ಕುಲೇಟರ್‌ಗಳಿವೆಯಲ್ಲ, ಅವನ್ನು ನಂಬಬೇಡಿ. ಯಾವ ಗೇಮ್, ಯಾವ ಸೆಟ್ಟಿಂಗ್ ಅಂತ ಗೊತ್ತಿಲ್ಲದೆ ಆ ಪರ್ಸೆಂಟ್ ಹೇಳಲು ಸಾಧ್ಯವೇ ಇಲ್ಲ.

ಹಂತ 5: ಮದರ್‌ಬೋರ್ಡ್

ಇಲ್ಲಿ ನೀವು ಆರಿಸುವುದು ಬೋರ್ಡ್‌ಗಿಂತ ಹೆಚ್ಚಾಗಿ ಮುಂದಿನ ದಾರಿ. ರೈಜನ್ 5600 ಕೂರುವ ಎಎಂ4 ಸಾಕೆಟ್ (ಬೋರ್ಡ್‌ನಲ್ಲಿ ಪ್ರೊಸೆಸರ್ ಕೂರಿಸುವ ಜಾಗ) ಹಳೆಯದು, ಬೋರ್ಡೂ ಪ್ರೊಸೆಸರೂ ಅಗ್ಗ, ಆದರೆ ಆ ದಾರಿ ಅಲ್ಲಿಗೇ ಮುಗಿಯುತ್ತದೆ. 2022ರಲ್ಲಿ ಬಂದ ಎಎಂ5ಗೆ 2027ರವರೆಗೂ ಅದರಾಚೆಗೂ ಬೆಂಬಲ ಕೊಡುತ್ತೇವೆ ಅಂತ ಎಎಂಡಿ ಹೇಳಿದೆ, ಅಂದರೆ ಬೋರ್ಡ್ ಹಾಗೇ ಇಟ್ಟುಕೊಂಡು ಪ್ರೊಸೆಸರ್ ಮಾತ್ರ ಬದಲಿಸಬಹುದು, ಆದರೆ ಅದಕ್ಕೆ ಹೊಸ ತಲೆಮಾರಿನ ಡಿಡಿಆರ್5 ರ‍್ಯಾಮೇ ಬೇಕು. 12400ಎಫ್ ಕೂರುವ ಇಂಟೆಲ್‌ನ ಎಲ್‌ಜಿಎ1700 ಸಾಕೆಟ್‌ನಲ್ಲಿ ಡಿಡಿಆರ್4 ಬೋರ್ಡೂ ಇವೆ, ಡಿಡಿಆರ್5 ಬೋರ್ಡೂ ಇವೆ, ಒಂದರ ರ‍್ಯಾಮ್ ಇನ್ನೊಂದಕ್ಕೆ ಕೂರುವುದಿಲ್ಲ. ನನ್ನ ಅಭಿಪ್ರಾಯ: ದುಡ್ಡು ನಿಜವಾಗಿಯೂ ಬಿಗಿ ಇದ್ದರೆ ಎಎಂ4 ತಗೊಂಡು ಉಳಿದದ್ದನ್ನು ಕಾರ್ಡ್‌ಗೆ ಹಾಕಿ. ನಾಲ್ಕೈದು ವರ್ಷ ಆಡಿದ ಮೇಲೆ ಹೇಗೂ ಎಲ್ಲ ಬದಲಿಸುತ್ತೀರಿ.

ಎಎಂ4ನಲ್ಲಿ ಬಿ550 ಚಿಪ್‌ಸೆಟ್‌ನ ಬೋರ್ಡ್ ಸಿಕ್ಕರೆ ಒಳ್ಳೆಯದು. ಎ520 ಕೂಡ ನಡೆಯುತ್ತದೆ, ಆದರೆ ಅದು ಪಿಸಿಐಇ 3.0, ಬಹಳ ಬೋರ್ಡ್‌ಗಳಲ್ಲಿ ರ‍್ಯಾಮ್ ಸ್ಲಾಟ್ ಎರಡೇ. ಆರ್‌ಎಕ್ಸ್ 6600ಗೆ 3.0 ಇದ್ದರೆ ನಷ್ಟ ಸ್ವಲ್ಪವೇ. ಹಳೇ ಬಿ450 ಬೋರ್ಡ್ ತಗೊಂಡರೆ ಬಯಾಸ್ ಅಪ್‌ಡೇಟ್ ಆಗಿದೆಯಾ ಕೇಳಿ, ಇಲ್ಲದಿದ್ದರೆ 5600 ಹಾಕಿದಾಗ ಕಪ್ಪು ಸ್ಕ್ರೀನ್ ನೋಡುತ್ತಾ ಕೂರಬೇಕು. ಎಸ್‌ಎಸ್‌ಡಿ ಕೂರುವ ಎಂ.2 ಸ್ಲಾಟ್ ಎಷ್ಟಿವೆ ಎಣಿಸಿ. ಎರಡಿದ್ದರೆ ಎಸ್‌ಎಸ್‌ಡಿಯಲ್ಲಿ ಈಗ ಉಳಿಸಬಹುದು.

ಹಂತ 6: ರ‍್ಯಾಮ್ ಮತ್ತು ಎಸ್‌ಎಸ್‌ಡಿ

16 ಜಿಬಿ, ಎರಡು 8ರ ಕಡ್ಡಿ. ವೇಗ ಡಿಡಿಆರ್4 ಆದರೆ 3200, ಎಎಂ5 ಆದರೆ 6000ದ ಹತ್ತಿರ. ಎರಡು ಕಡ್ಡಿ ಇದ್ದರೆ ಪ್ರೊಸೆಸರ್ ಎರಡು ದಾರಿಯಲ್ಲಿ ಒಟ್ಟಿಗೆ ಡೇಟಾ ಎಳೆಯುತ್ತದೆ, ಒಂದಿದ್ದರೆ ಒಂದೇ ದಾರಿ. ಒಳಗೇ ಗ್ರಾಫಿಕ್ಸ್ ಇರುವ ಪ್ರೊಸೆಸರ್‌ಗೆ ಬೇರೆ ವಿ-ರ‍್ಯಾಮ್ ಇಲ್ಲ, ಅದೂ ಇದನ್ನೇ ಹಂಚಿಕೊಳ್ಳಬೇಕು, ಅದಕ್ಕೇ ಅಲ್ಲಿ ಒಂದು ಕಡ್ಡಿ ಹಾಕಿದರೆ ಫ್ರೇಮ್ ದಬಾರನೆ ಬೀಳುತ್ತದೆ.

ಇಲ್ಲೊಂದು ಪೇಚು ಇದೆ. ಬೋರ್ಡ್‌ನಲ್ಲಿ ಎರಡೇ ಸ್ಲಾಟ್ ಇದ್ದು ಎರಡಕ್ಕೂ 8 ಹಾಕಿದರೆ, ಮುಂದೆ 32 ಬೇಕಾದಾಗ ಎರಡನ್ನೂ ತೆಗೆಯಬೇಕು. ಒಂದು 16 ಹಾಕಿದರೆ ಸೇರಿಸಬಹುದು, ಆದರೆ ಅಲ್ಲಿಯವರೆಗೆ ನಿಧಾನ. ಗ್ರಾಫಿಕ್ಸ್ ಕಾರ್ಡ್ ಇದ್ದು, ಎರಡು ಮೂರು ತಿಂಗಳಲ್ಲಿ ಅದೇ ಮಾಡೆಲ್‌ನ ಇನ್ನೊಂದು 16 ತಂದೇ ತರುತ್ತೀರಿ ಅನ್ನುವುದಾದರೆ ಒಂದು ಕಡ್ಡಿ ಸರಿ. ನಿಮ್ಮ ಬಗ್ಗೆ ನಿಮಗೇ ನಂಬಿಕೆ ಇಲ್ಲದಿದ್ದರೆ ಎರಡು 8. ರ‍್ಯಾಮ್ ಬೆಲೆ ಏರಿದ ಕಾಲದಲ್ಲಿ ಸೆಕೆಂಡ್ ಹ್ಯಾಂಡ್ ಡಿಡಿಆರ್4 ತಗೊಂಡರೂ ಪರವಾಗಿಲ್ಲ, ರ‍್ಯಾಮ್ ಅಷ್ಟು ಸುಲಭಕ್ಕೆ ಸವೆಯುವುದಿಲ್ಲ, ಅದನ್ನು ಪರೀಕ್ಷಿಸುವ ಮೆಮ್‌ಟೆಸ್ಟ್86 ಸಾಫ್ಟ್‌ವೇರ್ ಒಂದು ರಾತ್ರಿ ಓಡಿಸಿ ನೋಡಿ.

ಎಸ್‌ಎಸ್‌ಡಿ ಹಾಗಲ್ಲ, ಅದು ಬರೆದಷ್ಟೂ ಸವೆಯುತ್ತದೆ, ಹೊಸದೇ ತಗೊಳ್ಳಿ. ದುಡ್ಡಿದ್ದರೆ 1 ಟಿಬಿ, ಇಲ್ಲದಿದ್ದರೆ 500 ಜಿಬಿ. ವಿಂಡೋಸ್‌ನಲ್ಲಿ ಅದು 465 ಅಂತ ಕಾಣುತ್ತದೆ, ಯಾರೂ ಕದ್ದಿಲ್ಲ, ಎಣಿಸುವ ಲೆಕ್ಕ ಬೇರೆ. ದೊಡ್ಡ ಗೇಮ್ ಒಂದೊಂದು 100 ಜಿಬಿ ದಾಟುವುದರಿಂದ ಮೂರ್ನಾಲ್ಕು ಹಾಕಿದರೆ ತುಂಬಿತು, ಆದರೂ ಸರಿ, ಇದು ಸೇರಿಸಬಹುದಾದ ಪಾರ್ಟ್. ಸೆಕೆಂಡಿಗೆ 3500 ಎಂಬಿ ಓದುವ ಎನ್‌ವಿಎಂಇ ಎಸ್‌ಎಸ್‌ಡಿಗೂ 550 ಓದುವ ಹಳೇ ಬಗೆಯ ಸಾಟಾ ಎಸ್‌ಎಸ್‌ಡಿಗೂ ಗೇಮ್ ತೆರೆಯುವಾಗ ಸಾಮಾನ್ಯವಾಗಿ ಅಂಥ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಆದ್ದರಿಂದ 7000ದ ಎಸ್‌ಎಸ್‌ಡಿಗೆ ದುಡ್ಡು ಸುರಿಯಬೇಡಿ. ಎಂ.2 ಆಕಾರದಲ್ಲೂ ಸಾಟಾ ಬರುತ್ತದೆ, ಬೋರ್ಡ್ ಯಾವುದನ್ನು ಒಪ್ಪುತ್ತದೆ ನೋಡಿ ತಗೊಳ್ಳಿ. ಹಾರ್ಡ್ ಡಿಸ್ಕ್ ಫೋಟೋ, ಸಿನಿಮಾ ಇಡಲು ಸರಿ. ಸೈಬರ್‌ಪಂಕ್ 2077 ಈಗ ಮಿನಿಮಮ್ ಪಟ್ಟಿಯಲ್ಲೇ ಎಸ್‌ಎಸ್‌ಡಿ ಕೇಳುತ್ತದೆ.

ಹಂತ 7: ಪವರ್ ಸಪ್ಲೈ, ಇಲ್ಲಿ ಮಾತ್ರ ಚೌಕಾಸಿ ಬೇಡ

ಆ ಮೊದಲ ಪಿಸಿಯ ಎಸ್‌ಎಂಪಿಎಸ್ (ಪವರ್ ಸಪ್ಲೈಗೆ ಇನ್ನೊಂದು ಹೆಸರು) ಕ್ಯಾಬಿನೆಟ್ ಜೊತೆ ಸುಮ್ನೆ ಬಂದಿತ್ತು. ಮೇಲೆ 500 ವ್ಯಾಟ್ ಅಂತ ಬರೆದಿತ್ತು. ಒಂದು ಸಂಜೆ ಗೇಮ್ ಮಧ್ಯೆ ಪಟ್ ಅಂತ ಸದ್ದಾಗಿ, ಸುಟ್ಟ ವಾಸನೆ ಬಂದು, ಹೋಗುವಾಗ ಮದರ್‌ಬೋರ್ಡನ್ನೂ ಕರೆದುಕೊಂಡು ಹೋಯಿತು. ಫುಕ್ಕಟೆ ಸಿಕ್ಕ ಪಾರ್ಟ್‌ನಿಂದಲೇ ನನಗೆ ಅತಿ ಹೆಚ್ಚು ಖರ್ಚಾಗಿದ್ದು.

ಲೇಬಲ್ ಓದುವುದನ್ನು ಕಲಿಯಿರಿ, ಎರಡು ನಿಮಿಷದ ಕೆಲಸ. 12 ವೋಲ್ಟ್ ಸಾಲಿನಲ್ಲಿ ಎಷ್ಟು ಆಂಪ್ಸ್ ಇದೆ ನೋಡಿ, 12ರಿಂದ ಗುಣಿಸಿ. 45 ಆಂಪ್ಸ್ ಇದ್ದರೆ 540 ವ್ಯಾಟ್, ಅದು ನಿಜವಾದ 550ರ ಸಪ್ಲೈ. ಮೇಲೆ 500 ಅಂತ ಬರೆದು 12 ವೋಲ್ಟ್‌ನಲ್ಲಿ 18 ಆಂಪ್ಸ್ ಮಾತ್ರ ಕೊಟ್ಟಿದ್ದರೆ ಅದು 216 ವ್ಯಾಟ್. ಪ್ರೊಸೆಸರ್, ಕಾರ್ಡ್ ಎರಡೂ ತಿನ್ನುವುದು ಈ 12 ವೋಲ್ಟ್‌ನಿಂದಲೇ. 5600 ಜೊತೆ ಆರ್‌ಎಕ್ಸ್ 6600 ಹಾಕಿದ ಪಿಸಿ ಎಲ್ಲ ಸೇರಿ 300 ವ್ಯಾಟ್ ಒಳಗೇ ಮುಗಿಯುತ್ತದೆ, ಆದರೂ 550 ತಗೊಂಡರೆ ಮುಂದೆ ಕಾರ್ಡ್ ಬದಲಿಸಿದಾಗ ಇದನ್ನು ಮುಟ್ಟಬೇಕಾಗುವುದಿಲ್ಲ. 80 ಪ್ಲಸ್ ಬ್ರಾಂಜ್ ಗುರುತು ಎಷ್ಟು ಕರೆಂಟು ಬಿಸಿಯಾಗಿ ಪೋಲಾಗುತ್ತದೆ ಅಂತ ಹೇಳುತ್ತದೆಯೇ ಹೊರತು ಗಟ್ಟಿತನವನ್ನಲ್ಲ. 5 ವರ್ಷ ವಾರಂಟಿ ಇದೆಯಾ, ಆ ಮಾಡೆಲನ್ನು ಯಾರಾದರೂ ಬಿಚ್ಚಿ ಪರೀಕ್ಷೆ ಮಾಡಿದ್ದಾರಾ ನೋಡಿ. ಸೆಕೆಂಡ್ ಹ್ಯಾಂಡ್ ಬೇಡವೇ ಬೇಡ. ಒಂದು ಸಪ್ಲೈನ ಬಿಚ್ಚುವ ಕೇಬಲನ್ನು ಇನ್ನೊಂದಕ್ಕೆ ಹಾಕಬೇಡಿ. ತುದಿ ಒಂದೇ ತರ ಕಂಡರೂ ಒಳಗಿನ ಪಿನ್ ಬೇರೆ ಇರಬಹುದು, ಹಾಕಿದ್ದೇ ಸುಟ್ಟು ಹೋಗುತ್ತದೆ.

ಹಂತ 8: ಕ್ಯಾಬಿನೆಟ್

ಮುಂಭಾಗ ಜಾಲರಿ ಇರಬೇಕು, ಗಾಜು ಬೇಡ. ಎರಡು ಫ್ಯಾನ್: ಮುಂದೆ ಒಳಗೆ ಎಳೆಯಲು, ಹಿಂದೆ ಹೊರಗೆ ತಳ್ಳಲು. ನಿಮ್ಮ ಕಾರ್ಡ್‌ನ ಉದ್ದ ಮಿಲಿಮೀಟರ್ ಲೆಕ್ಕದಲ್ಲಿ ಹಿಡಿಸುತ್ತದಾ ನೋಡಿ. ಅಷ್ಟೇ.

ಕಚೇರಿಗಳಲ್ಲಿ ಬಳಸಿ ಬಿಟ್ಟ ಹಳೇ ಪಿಸಿ ತಂದು ಕಾರ್ಡ್ ಹಾಕುವ ಯೋಚನೆ ಇರುವವರಿಗೆ ಒಂದು ಮಾತು. ಅವುಗಳ ಪವರ್ ಸಪ್ಲೈ, ಬೋರ್ಡ್ ಎಷ್ಟೋ ಸಲ ಕಂಪನಿಯ ಸ್ವಂತ ಅಳತೆಯವು, ಮಾರ್ಕೆಟ್‌ನ ಪಾರ್ಟ್ ಕೂರುವುದಿಲ್ಲ. ಕಾರ್ಡ್ ಸ್ಲಾಟ್ ಕೊಡುವುದು ಹೆಚ್ಚೆಂದರೆ 75 ವ್ಯಾಟ್. ನಾನು ಮೇಲೆ ಬೈದ ಆರ್‌ಟಿಎಕ್ಸ್ 3050ರ 6 ಜಿಬಿ ಕಾರ್ಡ್‌ಗೆ ಇಲ್ಲೊಂದು ಜಾಗ ಇದೆ, ಅದು 70 ವ್ಯಾಟ್‌ನಲ್ಲಿ ಬೇರೆ ಕೇಬಲ್ ಇಲ್ಲದೆ ಓಡುತ್ತದೆ.

ಹಂತ 9: ಜೋಡಿಸಿದ ಮೊದಲ ವಾರ

ಎಲ್ಲ ಪಾರ್ಟ್ ಹತ್ತಿರ ಹತ್ತಿರದ ದಿನಗಳಲ್ಲೇ ತಗೊಳ್ಳಿ. ಕಾರ್ಡ್ ಇವತ್ತು, ಬೋರ್ಡ್ ಎರಡು ತಿಂಗಳು ಬಿಟ್ಟು ಅಂದರೆ, ಕಾರ್ಡ್ ಕೆಟ್ಟಿದೆ ಅಂತ ಗೊತ್ತಾಗುವ ಹೊತ್ತಿಗೆ ವಾಪಸ್ ಕೊಡುವ ಅವಧಿ ಮುಗಿದಿರುತ್ತದೆ. ಕ್ಯಾಬಿನೆಟ್‌ಗೆ ಹಾಕುವ ಮೊದಲು ಬೋರ್ಡನ್ನು ಅದರ ರಟ್ಟಿನ ಡಬ್ಬದ ಮೇಲಿಟ್ಟು ಪ್ರೊಸೆಸರ್, ಕೂಲರ್, ಒಂದು ರ‍್ಯಾಮ್, ಕಾರ್ಡ್ ಹಾಕಿ ಒಮ್ಮೆ ಆನ್ ಮಾಡಿ ನೋಡಿ. ಕೂಲರ್ ತಳದ ಪ್ಲಾಸ್ಟಿಕ್ ಹಾಳೆ ಇದ್ದರೆ ಕೀಳಲು ಮರೆಯಬೇಡಿ.

ಆಮೇಲೆ ನಾಲ್ಕು ಕಡೆ ಕಣ್ಣಾಡಿಸಿ. ನಾಲ್ಕು ಸ್ಲಾಟ್ ಇದ್ದರೆ ರ‍್ಯಾಮ್ ಸಾಮಾನ್ಯವಾಗಿ ಪ್ರೊಸೆಸರ್‌ನಿಂದ ಎರಡನೇ ಮತ್ತು ನಾಲ್ಕನೇ ಸ್ಲಾಟ್‌ನಲ್ಲಿರಬೇಕು. ಬಯಾಸ್‌ನಲ್ಲಿ ಎಕ್ಸ್‌ಎಂಪಿ (ಪೂರ್ತಿ ವೇಗ ಕೊಡುವ ಸೆಟ್ಟಿಂಗ್) ಆನ್ ಮಾಡಿ, ಇಲ್ಲದಿದ್ದರೆ 3200ರ ರ‍್ಯಾಮ್ 2133 ಅಥವಾ 2400ರಲ್ಲೇ ತೆವಳುತ್ತಿರುತ್ತದೆ. ಮಾನಿಟರ್ ಕೇಬಲ್ ಗ್ರಾಫಿಕ್ಸ್ ಕಾರ್ಡ್‌ಗೆ ಹಾಕಿ, ಮದರ್‌ಬೋರ್ಡ್‌ಗಲ್ಲ. ಮಾನಿಟರ್ 144 ಹರ್ಟ್ಜ್ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವಂಥದ್ದು) ಇದ್ದರೂ ವಿಂಡೋಸ್ ಅದನ್ನು 60ರಲ್ಲೇ ಇಟ್ಟಿರಬಹುದು, ಡಿಸ್‌ಪ್ಲೇ ಸೆಟ್ಟಿಂಗ್‌ಗೆ ಹೋಗಿ ನೀವೇ ಬದಲಿಸಬೇಕು. ನಾನು ಮೂರು ವಾರ 60ರಲ್ಲೇ ಆಡಿ, 144 ಅಂದರೆ ಇಷ್ಟೇನಾ ಅಂತ ಎಲ್ಲರ ಹತ್ತಿರ ಗೊಣಗಿದ್ದೆ. ಬಿಸಿ ಎಷ್ಟಿದೆ ಅಂತ ತೋರಿಸುವ ಎಚ್‌ಡಬ್ಲ್ಯೂಇನ್ಫೋ ಸಾಫ್ಟ್‌ವೇರ್ ತೆರೆದಿಟ್ಟುಕೊಂಡು ಒಂದು ಗಂಟೆ ನಿಮ್ಮ ಅತಿ ಭಾರದ ಗೇಮ್ ಆಡಿ, ಪ್ರೊಸೆಸರ್ 90 ಡಿಗ್ರಿ ದಾಟುತ್ತಿದ್ದರೆ ಕೂಲರ್ ಸರಿಯಾಗಿ ಕೂತಿಲ್ಲ, ಬಿಚ್ಚಿ ಪೇಸ್ಟ್ ಹಾಕಿ ಮತ್ತೆ ಕೂರಿಸಿ. ಇಷ್ಟೂ ಪರೀಕ್ಷೆ ಮುಗಿಯುವವರೆಗೆ ಒಂದು ಡಬ್ಬವನ್ನೂ ಹೊರಗೆ ಹಾಕಬೇಡಿ, ಬಿಲ್ ಇರುವ ಡಬ್ಬವನ್ನಂತೂ ವಾರಂಟಿ ಮುಗಿಯುವವರೆಗೆ.